ಕಣ್ಣು ತೆರೆಸುವವಳು

ಜನವರಿ ೧೦, ೧೯೯೯, ಭಾನುವಾರ

ನನ್ನ ಅಕ್ಷರ ಕೆಟ್ಟದಾಗಿದೆ. ದೀರ್ಘ, ಒತ್ತಕ್ಷರ ತಪ್ಪುತ್ತವೆ. ಈ ಪುಸ್ತಕವನ್ನು ನಾನಲ್ಲದೆ ಯಾರೂ ಓದುವುದಿಲ್ಲ. ಆದರೂ ಕ್ಷಮಿಸಿ ಎಂದು ಮೊದಲು ಬರೆಯದೆ ಕೈ ಮುಂದೆ ಹೋಗುತ್ತಿಲ್ಲ. ನಾಲ್ಕನೇ ಇಯತ್ತೆ ಬಿಟ್ಟ ಮೇಲೆ ನಾನು ಬರೆದದ್ದೆಂದರೆ ಫೋಟೋಗಳ ಹಿಂದೆ ಸತ್ತವರ ಹೆಸರು ಮತ್ತು ತಾರೀಖು, ಅಷ್ಟೇ.

ಪುಸ್ತಕ ಕೊಟ್ಟವರು ವಸುಧಾ ಅಕ್ಕ. "ಮಾತಾಡೂದಿಲ್ಲ, ಅಳೂದಿಲ್ಲ. ಇದರೊಳಗಾದರೂ ಬರಿ," ಎಂದರು. ಅವರು ಹುಬ್ಬಳ್ಳಿಯವರು. ಅವರ ಏಳು ತಿಂಗಳ ಮಗಳು ದಿಯಾಳನ್ನು ನೋಡಿಕೊಳ್ಳಲು ನಾನು ಬೆಟಗೇರಿಯಿಂದ ವಿಮಾನ ಹತ್ತಿ ಬಂದು ಎರಡು ತಿಂಗಳಾಯಿತು. ಈ ಊರು ಸೀಡರ್ ಪಾರ್ಕ್. ಎಲ್ಲಿಗೆ ಹೋಗಬೇಕಾದರೂ ಕಾರು ಬೇಕು. ನನಗೆ ಕಾರು ಬಾರದು, ಹಾಗಾಗಿ ಎಲ್ಲಿಗೂ ಹೋಗುವುದಿಲ್ಲ. ಅಕ್ಕ, ಅವರ ಯಜಮಾನರು ಹಯಗ್ರೀವ ಸಾಹೇಬರು, ಇಬ್ಬರೂ ಆಸ್ಟಿನ್ನಿನ ಒಂದು ಚಿಪ್ ಕಂಪನಿಯಲ್ಲಿ ಕೆಲಸ ಮಾಡುತ್ತಾರೆ. ಅಕ್ಕನ ಬಲಗಾಲಿನ ಕಾಲುಂಗುರ ಸಡಿಲವಾಗಿದೆ. ಸಾಹೇಬರ ಸಾಕ್ಸಿನ ಹಿಮ್ಮಡಿಯಲ್ಲಿ ತೂತಿದೆ. ಅವರ ಬಗ್ಗೆ ಇಷ್ಟು ಬಲ್ಲೆ.

ಟ್ರಂಕಿನ ತಳದಲ್ಲಿ ಅವ್ವನ ಫೋಟೋ ಇದೆ. ಟವೆಲಿನಲ್ಲಿ ಸುತ್ತಿ ಮುಖ ಕೆಳಗೆ ಮಾಡಿ ಇಟ್ಟಿದ್ದೇನೆ. ಹಾಗಿಟ್ಟರೂ ಅವಳು ನೋಡುತ್ತಾಳೆ.

ಜನವರಿ ೧೬, ಶನಿವಾರ

ನಮ್ಮ ಬೀದಿಯ ಕೊನೆಯಲ್ಲಿ, ಹೊಸ ಮನೆಗಳ ಸಾಲು ಮುಗಿದಲ್ಲಿ, ಒಂದು ಹಳೆಯ ಹಲಗೆಯ ಮನೆಯಿದೆ. ಈ ಬೀದಿಯೆಲ್ಲ ಮೊದಲು ಆ ಮನೆಯವರ ಹೊಲವಾಗಿತ್ತಂತೆ. ಈಗ ಅಲ್ಲಿ ಮಿಸೆಸ್ ಆಲ್ಮಾ ಒಬ್ಬರೇ ಇದ್ದಾರೆ. ಎಂಬತ್ತಮೂರು ವರ್ಷ. ಗಂಡಸರ ಬೂಟು ಹಾಕುತ್ತಾರೆ. ಎರಡೂ ಕೈ ನಡುಗುತ್ತವೆ. ಇವತ್ತು ಅಕ್ಕ ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋದರು.

ಅವರ ಗ್ಯಾರೇಜಿನ ಕಿಟಕಿಗೆ ಬೆಳ್ಳಿ ಕಾಗದ ಅಂಟಿಸಿ ಕತ್ತಲೆ ಮಾಡಿದ್ದಾರೆ. ಕೆಂಪು ಬಲ್ಬು, ಮೂರು ತಟ್ಟೆ, ನಮ್ಮ ಅಪ್ಪನ ಸ್ಟುಡಿಯೋದಲ್ಲಿದ್ದಂಥದೇ ಫೋಟೋ ತೊಳೆಯುವ ನೀರಿನ ಆ ಹುಳಿ ವಾಸನೆ. ವಾಸನೆ ಮೂಗಿಗೆ ಬಡಿದ ಕೂಡಲೇ ಬಾಗಿಲ ಚೌಕಟ್ಟು ಹಿಡಿದುಕೊಂಡೆ. ಒಳಗೆ ಹನ್ನೊಂದು ಮರದ ಪೆಟ್ಟಿಗೆಗಳಲ್ಲಿ ಗಾಜಿನ ನೆಗೆಟಿವ್‌ಗಳಿವೆ. ಎಲ್ಲ ಆಲ್ಮಾ ಅವರ ಸೋದರತ್ತೆ ಒಟೀಲಿ ತೆಗೆದವು. ೧೯೧೧ರಿಂದ ೧೯೧೫ರವರೆಗೆ.

ಒಟೀಲಿ ಹತ್ತೊಂಬತ್ತನೇ ವಯಸ್ಸಿನಲ್ಲಿ ಫೋಟೋ ತೆಗೆಯುವುದನ್ನು ಕಲಿಯಲು ಡಲ್ಲಾಸಿನ ಸ್ಟುಡಿಯೋ ಒಂದಕ್ಕೆ ಸೇರಿದಳಂತೆ. ಅಲ್ಲಿ ಮೂರು ವರ್ಷ ಅವಳನ್ನು ಗಿರಾಕಿಗಳ ಮುಖದ ಸುಕ್ಕು ಅಳಿಸುವ ಮೇಜಿನ ಮುಂದೆ ಕೂರಿಸಿದರು. ಕ್ಯಾಮೆರಾ ಮುಟ್ಟಿಸಲಿಲ್ಲ. ಕೊನೆಗೆ ಸ್ವಂತ ಕ್ಯಾಮೆರಾ ಕೊಂಡು, ಅದನ್ನು ಹೊತ್ತು ರೈಲಿನಲ್ಲಿ ಹ್ಯೂಸ್ಟನ್‌ವರೆಗೂ ಊರೂರು ತಿರುಗಿದಳು. ಅಕ್ಕ ಇದನ್ನು ಕನ್ನಡದಲ್ಲಿ ಹೇಳುವಾಗ ನಾನು ನನ್ನ ಬೆರಳುಗಳನ್ನೇ ನೋಡುತ್ತಿದ್ದೆ. ಹುಡುಗಿ ಕ್ಯಾಮೆರಾ ಹಿಂದೆ ನಿಂತರೆ ಗಿರಾಕಿ ನಗುತ್ತಾರೆ ಎಂದು ನಮ್ಮ ಅಪ್ಪನೂ ಹೇಳುತ್ತಿದ್ದ.

ಆಲ್ಮಾ ಅವರಿಗೆ ಸಾಯುವುದರೊಳಗೆ ಅವನ್ನೆಲ್ಲ ಕಾಗದದ ಮೇಲೆ ನೋಡಬೇಕಂತೆ. ಕೈ ಕೇಳುತ್ತಿಲ್ಲ. ನಾನು ಪ್ರಿಂಟು ಮಾಡಿಕೊಟ್ಟರೆ ಒಟೀಲಿಯ ಕ್ಯಾಮೆರಾದಲ್ಲಿ ಫೋಟೋ ತೆಗೆಯುವುದನ್ನು ಕಲಿಸುತ್ತಾರಂತೆ.

"ಮಧ್ಯಾಹ್ನ ಕೂಸನ್ನ ಗಾಡಿಯೊಳಗ ಹಾಕ್ಕೊಂಡು ಬಾ. ಅವರು ನೋಡ್ಕೋತಾರ. ಮಾಡ್ತೀಯೇನ?" ಎಂದರು ಅಕ್ಕ.

"ಮಾಡ್ತೀನ್ರಿ ಅಕ್ಕಾರ."

"ಅವರ ಮುಖಾ ನೋಡಿ ಹೇಳ. ಬೂಟಿಗೇನ ಹೇಳ್ತೀ?"

ಜನವರಿ ೨೪, ಭಾನುವಾರ

ಅಣ್ಣ ಗದಿಗೆಪ್ಪ ಫೋನ್ ಮಾಡಿದ್ದ. ಅಪ್ಪ ಹಾಲಪ್ಪ ಹೋದ ಮೇಲೆ ಸ್ಟುಡಿಯೋ ಅವನದು.

"ಅಪ್ಪನ ಮರದ ಕ್ಯಾಮೆರಾ ಕೇಳಾಕ ಒಬ್ಬಾವ ಬಂದಾನ. ಹೋಟೆಲ್ಲಿನಾಗ ಚಂದಕ್ಕ ಇಡಾಕ ಬೇಕಂತ. ಕೊಟ್ಟಬಿಡ್ಲೇನು?"

"ಕೊಡಬ್ಯಾಡ. ನಾ ಬಂದು ಅದರಾಗ ಫೋಟೋ ತೆಗೀತೀನಿ."

ನನ್ನ ಬಾಯಿಂದ ಆ ಮಾತು ಹೇಗೆ ಬಂತೋ ತಿಳಿಯದು. ಅವನು ನಕ್ಕ. "ಮಂದಿ ಮುಖಾ ನೋಡಾಕ ಅಂಜತಿ. ಫೋಟೋ ಹೆಂಗ ತೆಗೀತಿ? ಸತ್ತವರು ಬಂದು ಕುರ್ಚಿ ಮ್ಯಾಲ ಕುಂದ್ರತಾರೇನ?" ಆಮೇಲೆ ಅವನಿಗೆ ಪಾಪ ಅನ್ನಿಸಿರಬೇಕು. "ಆತು. ಒಂದ ಫೋಟೋ ತೆಗೆದು ಕಳಸು. ಮನಷ್ಯಾರದು, ಕಣ್ಣು ಬಿಟ್ಟವರದು. ಮತ್ತ ನೀ ಬರೆದ ಕಣ್ಣಲ್ಲ. ಏಪ್ರಿಲ್ ಮುಗಿಯೂತನಾ ಕಾಯ್ತೀನಿ."

ಬೆಟಗೇರಿಯಲ್ಲಿ ನನ್ನ ಕೆಲಸ ಕಣ್ಣು ತೆರೆಸುವುದಾಗಿತ್ತು. ಎಷ್ಟೋ ಜನ ಬದುಕಿದ್ದಾಗ ಒಂದು ಫೋಟೋವನ್ನೂ ತೆಗೆಸಿಕೊಂಡಿರುವುದಿಲ್ಲ. ಸತ್ತ ಮೇಲೆ, ಎತ್ತುವ ಮೊದಲು, ಅಪ್ಪನಿಗೆ ಹೇಳಿಕಳಿಸುತ್ತಿದ್ದರು. ಹೆಣವನ್ನು ಕುರ್ಚಿಯಲ್ಲಿ ಕೂರಿಸಿ, ಒಳ್ಳೆಯ ಬಟ್ಟೆ ಹಾಕಿ, ಹಿಂದಿನಿಂದ ಯಾರಾದರೂ ತಲೆ ಹಿಡಿದುಕೊಳ್ಳುತ್ತಿದ್ದರು. ಕಣ್ಣು ಮುಚ್ಚಿದ ಫೋಟೋವನ್ನು ಗೋಡೆಗೆ ಹಾಕುವುದಿಲ್ಲ ಎನ್ನುತ್ತಾರೆ ನಮ್ಮ ಕಡೆ. ಅದಕ್ಕೆ ಪ್ರಿಂಟಿನ ಮೇಲೆ ನಾನು ಕುಂಚದಿಂದ ತೆರೆದ ಕಣ್ಣು ಬರೆಯುತ್ತಿದ್ದೆ. ಗೋಂದು ಕಲಸಿದ ಬಣ್ಣ. ಮನೆಯವರಿಗೆ ಹಿಡಿಸದಿದ್ದರೆ ಒದ್ದೆ ಹತ್ತಿಯಿಂದ ಒರೆಸಿ ಮತ್ತೆ ಬರೆಯಬಹುದು. ನನ್ನ ಕಣ್ಣುಗಳನ್ನು ಯಾರೂ ಒರೆಸಲು ಹೇಳಲಿಲ್ಲ.

ಅವ್ವ ಹೋದಾಗ ನನಗೆ ಹತ್ತು ವರ್ಷ. ಫೋಟೋ ತೆಗೆಯುವವನ ಹೆಂಡತಿಗೆ ಒಂದೂ ಫೋಟೋ ಇರಲಿಲ್ಲ. ಅಪ್ಪ ತೆಗೆದ. ಆದರೆ ಅವನಿಗೆ ಕುಂಚ ಹಿಡಿಯಲಾಗಲಿಲ್ಲ. ನಾನು ಕುಳಿತೆ. ಅವ್ವನ ಕಣ್ಣು ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ಕೊನೆಗೆ ಕನ್ನಡಿ ನೋಡಿ ನನ್ನವನ್ನೇ ಬರೆದೆ. ಅದೇ ನನ್ನ ಮೊದಲ ಕೆಲಸ. "ಜೀವಾ ಬಂದಂಗ ಆಗೇತಿ," ಎಂದರು ಎಲ್ಲರೂ.

ಫೆಬ್ರವರಿ ೪, ಗುರುವಾರ

ನಲವತ್ತು ಪ್ರಿಂಟು ಆದವು. ಒಟೀಲಿ ಸೂರ್ಯನನ್ನು ಬೆನ್ನಿಗೆ ಇಟ್ಟುಕೊಂಡು ಫೋಟೋ ತೆಗೆಯುತ್ತಿದ್ದಳು. ಅದಕ್ಕೇ ಪ್ರತಿ ಫೋಟೋದಲ್ಲೂ ಕೆಳಗೆ ಅವಳ ನೆರಳು ಬಿದ್ದಿದೆ. ದೊಡ್ಡ ಟೊಪ್ಪಿಗೆ, ಎತ್ತಿದ ಒಂದು ಮೊಣಕೈ. ಅದು ಎದುರಿಗೆ ನಿಂತವರ ಕಾಲಿನ ತನಕ ಹೋಗುತ್ತದೆ. ಹತ್ತಿ ಬಿಡಿಸುವ ಹೆಂಗಸರು, ಮದುವೆಯ ಗಂಡು ಹೆಣ್ಣು, ಸತ್ತ ಹಾವನ್ನು ಎತ್ತಿ ಹಿಡಿದ ಮುದುಕ. ಎಲ್ಲರ ಕಾಲನ್ನೂ ಅವಳು ಮುಟ್ಟಿದ್ದಾಳೆ.

ನಾನು ಪ್ರಿಂಟು ಮಾಡುವಾಗ ಮೊದಲು ನೆರಳನ್ನೇ ಹುಡುಕುತ್ತೇನೆ. ಅವಳಿದ್ದಾಳೆ ಎಂದು ಗೊತ್ತಾದ ಮೇಲೆ ಉಳಿದದ್ದು.

ಫೆಬ್ರವರಿ ೧೨, ಶುಕ್ರವಾರ

ಕೆಂಪು ಬೆಳಕಿನಲ್ಲಿ ಯಾರೋ ಹಿಂದೆ ನಿಂತ ಹಾಗಾಗುತ್ತದೆ. ತಿರುಗಿ ನೋಡಲಿಲ್ಲ.

ಫೆಬ್ರವರಿ ೨೩, ಮಂಗಳವಾರ

ಕೊನೆಯ ಪೆಟ್ಟಿಗೆಯ ಕೊನೆಯ ಗಾಜು. ಹೊರಗೆ ದಿಯಾ ಗಾಡಿಯಲ್ಲಿ ನಿದ್ದೆ ಮಾಡುತ್ತಿದ್ದಳು. ಆಲ್ಮಾ ಅವರೂ ಕುರ್ಚಿಯಲ್ಲಿ ಕುಳಿತಲ್ಲೇ ತೂಕಡಿಸುತ್ತಿದ್ದರು.

ಕಾಗದವನ್ನು ತಟ್ಟೆಯಲ್ಲಿ ಅಲ್ಲಾಡಿಸುತ್ತಿದ್ದಂತೆ ಮೊದಲು ಲೇಸಿನ ದಿಂಬು ಮೂಡಿತು. ಆಮೇಲೆ ಒಂದು ಕೂಸು. ಮೂರು ತಿಂಗಳಿರಬಹುದು. ಬಿಳಿ ಅಂಗಿ, ಮುಚ್ಚಿದ ಕಣ್ಣು. ನಿದ್ದೆಯಲ್ಲ. ನನಗೆ ಗೊತ್ತಾಗುತ್ತದೆ. ನಿದ್ದೆಯಲ್ಲಿ ತುಟಿ ಹಾಗೆ ಇರುವುದಿಲ್ಲ. ಮನೆಯೊಳಗೆ ತೆಗೆದ ಫೋಟೋ. ಒಟೀಲಿಯ ನೆರಳು ಎಲ್ಲಿಯೂ ಇರಲಿಲ್ಲ.

ಹೊರಗೆ ಓಡಿ ದಿಯಾಳ ಮೂಗಿನ ಕೆಳಗೆ ಬೆರಳಿಟ್ಟೆ. ಉಸಿರಾಡುತ್ತಿದ್ದಳು. ಐದು ಸಲ ನೋಡಿದೆ.

ಸಂಜೆ ಅಕ್ಕನನ್ನು ಕೇಳಿದೆ. ಆಲ್ಮಾ ಅವರಿಗೆ ಒಬ್ಬಳು ಅವಳಿ ತಂಗಿ ಇದ್ದಳಂತೆ, ಲೀನಾ. ಮೂರು ತಿಂಗಳಿಗೇ ಹೋದಳಂತೆ. ಅವಳ ಮುಖ ಹೇಗಿತ್ತೆಂದು ಆಲ್ಮಾ ಅವರಿಗೆ ಇವತ್ತಿನವರೆಗೂ ಗೊತ್ತಿಲ್ಲ. ಮುಂದಿನ ಬುಧವಾರ ಅವರ ಹುಟ್ಟಿದ ದಿನ. ನಾನು ಪ್ರಿಂಟನ್ನು ತೋರಿಸದೆ ಇಟ್ಟುಕೊಂಡಿದ್ದೇನೆ. ಅವರಿಗೆ ಕೊಡಲು ನನ್ನ ಹತ್ತಿರ ಒಂದೇ ವಿದ್ಯೆ ಇದೆ.

ಮಾರ್ಚ್ ೩, ಬುಧವಾರ

ಆಗಬಾರದ್ದು ಆಯಿತು.

ಮೂರು ಮಧ್ಯಾಹ್ನ ಕುಳಿತು ಬರೆದಿದ್ದೆ. ಎಡಗಣ್ಣಿನ ಬೆಳಕಿನ ಚುಕ್ಕೆಯನ್ನು ಕೊನೆಗೆ ಇಟ್ಟೆ. ಅಪ್ಪ ಹಾಗೇ ಕಲಿಸಿದ್ದ. ಚುಕ್ಕೆ ಇಟ್ಟ ಕೂಡಲೇ ಕೂಸು ನನ್ನನ್ನು ನೋಡಿತು. ಚೌಕಟ್ಟು ಹಾಕಿ, ಅಕ್ಕ ತಂದ ಗುಲಾಬಿಯಿಂದ ಸಣ್ಣ ಮಾಲೆ ಕಟ್ಟಿದೆ.

ಕೇಕ್ ಕತ್ತರಿಸಿದ ಮೇಲೆ ಕೊಟ್ಟೆ. ಆಲ್ಮಾ ನೋಡಿದರು. ನಡುಗುವ ಕೈ ನಿಂತೇಹೋಗಿತ್ತು. ಆಮೇಲೆ ಅದನ್ನು ಮೇಜಿನ ಮೇಲೆ ಬೋರಲು ಹಾಕಿ ಏನೋ ಒಂದು ಮಾತು ಹೇಳಿದರು.

"ಏನಂದ್ರಿ ಅಕ್ಕಾರ?"

ಅಕ್ಕ ಹೇಳಲು ಒಪ್ಪಲಿಲ್ಲ. ನಾನು ಮತ್ತೆ ಕೇಳಿದೆ.

"ನೀ ಅಕಿನ್ನ ಎಬ್ಬಿಸಿಬಿಟ್ಟಿ, ಅಂದ್ರು."

ಆಲ್ಮಾ ಎದ್ದು ಹೋಗಿ ಆ ಗಾಜಿನ ಕಾಗದದ ಹೊದಿಕೆ ತಂದರು. ಅದರ ಮೇಲೆ ಒಟೀಲಿ ಜರ್ಮನ್ ಭಾಷೆಯಲ್ಲಿ ಬರೆದಿದ್ದಳು. ನಾನು ಅದನ್ನು ನೋಡಿದ್ದೆ, ಓದಲು ಬಂದಿರಲಿಲ್ಲ. ಆಲ್ಮಾ ಓದಿದರು, ಅಕ್ಕ ಹೇಳಿದರು: "ಲೀನಾ ಮಲಗಿದ್ದಾಳೆ. ಎಂಟು ಸೆಕೆಂಡು. ಪಕ್ಕದ ಕೋಣೆಯಲ್ಲಿ ಆಲ್ಮಾ ಅಳುತ್ತಲೇ ಇದ್ದಳು. ಯಾರೂ ಎತ್ತಿಕೊಳ್ಳಲಿಲ್ಲ."

ಅದು ಒಟೀಲಿ ತೆಗೆದ ಕೊನೆಯ ಫೋಟೋವಂತೆ. ಆಮೇಲೆ ಅವಳು ಕ್ಯಾಮೆರಾ ಮುಟ್ಟಲಿಲ್ಲ. ಆಲ್ಮಾ ಅವರ ತಾಯಿ ಸಾಯುವ ತನಕ ಒಂದೇ ಮಾತು ಹೇಳುತ್ತಿದ್ದರಂತೆ, ಲೀನಾ ಮಲಗಿದ್ದಾಳೆ ಎಂದು. ಇಲ್ಲಿಯವರು ಹೋದವರ ಫೋಟೋವನ್ನು ಮಲಗಿದ ಹಾಗೆಯೇ ಇಡುತ್ತಾರಂತೆ.

"ಇನ್ನ ಬರೋದು ಬ್ಯಾಡ ಅಂತ," ಎಂದರು ಅಕ್ಕ, ಮನೆಗೆ ಬರುವ ದಾರಿಯಲ್ಲಿ. "ನಿಂದೇನೂ ತಪ್ಪಿಲ್ಲ, ಮಲ್ಲವ್ವ. ನಿನಗ ಗೊತ್ತಿರಲಿಲ್ಲ."

ಮಾರ್ಚ್ ೫, ಶುಕ್ರವಾರ

ಎಬ್ಬಿಸಿಬಿಟ್ಟೆ.

ಮಾರ್ಚ್ ೧೧, ಗುರುವಾರ

ದಿಯಾಳನ್ನು ಮಲಗಿಸಿದರೆ ಇನ್ನೊಂದು ಕೂಸು ಎದ್ದಿರುತ್ತದೆ. ಅಳುವುದಿಲ್ಲ. ನೋಡುತ್ತಿರುತ್ತದೆ, ಅಷ್ಟೇ. ಅದನ್ನು ಮಲಗಿಸುವವರು ಯಾರೂ ಇಲ್ಲ.

ಲೆಕ್ಕ ಹಾಕಿದೆ. ಹನ್ನೆರಡು ವರ್ಷದಲ್ಲಿ ನಾನು ಇನ್ನೂರಕ್ಕೂ ಹೆಚ್ಚು ಜನರ ಕಣ್ಣು ತೆರೆಸಿದ್ದೇನೆ. ಗದಗ, ಮುಂಡರಗಿ, ರೋಣ, ಎಲ್ಲೆಲ್ಲಿಯದೋ ಗೋಡೆಗಳ ಮೇಲೆ ಅವರೆಲ್ಲ ಇದ್ದಾರೆ. ಮಕ್ಕಳ ಮದುವೆ ಆಯಿತು, ಮನೆಗೆ ಸುಣ್ಣ ಹೊಡೆದರು. ಅವರು ರೆಪ್ಪೆ ಬಡಿಯದೆ ನೋಡುತ್ತಿದ್ದಾರೆ. ಬದುಕಿದ್ದಾಗ ಹೊಲದಲ್ಲಿ ದುಡಿದು ದಣಿದವರು. ಅವರಿಗೆ ನಿದ್ದೆ ಬೇಕಿತ್ತೋ ಏನೋ, ನಾನು ಕೇಳಲಿಲ್ಲ.

ಟ್ರಂಕಿನ ಮೇಲೆ ಎರಡು ಕಂಬಳಿ ಹಾಕಿದೆ.

ಮಾರ್ಚ್ ೨೧, ಭಾನುವಾರ

ನಿನ್ನೆ ಕನ್ನಡ ಸಂಘದ ಯುಗಾದಿ ಹಬ್ಬಕ್ಕೆ ಹ್ಯೂಸ್ಟನ್ನಿಗೆ ಹೋಗಿದ್ದೆವು. ಮೂರು ಗಂಟೆ ಕಾರಿನಲ್ಲಿ. ದೊಡ್ಡ ಹಾಲು, ಬೇವು ಬೆಲ್ಲ, ಸ್ಟೀಲು ಡಬ್ಬಿಗಳಲ್ಲಿ ಪುಳಿಯೋಗರೆ. ಡಲ್ಲಾಸ್ ಹತ್ತಿರದ ರಿಚರ್ಡ್‌ಸನ್ನಿನಿಂದ ಓದುವ ಹುಡುಗರು ಒಂದು ವ್ಯಾನಿನ ತುಂಬ ಬಂದಿದ್ದರು. ಊಟಕ್ಕೆ ಮೂರು ಸಲ ಕುಳಿತರು.

ಎಲ್ಲರನ್ನೂ ನಿಲ್ಲಿಸಿ ಫೋಟೋ ತೆಗೆಯಬೇಕೆಂದಾಗ ಅಕ್ಕ ಕೂಗಿ ಹೇಳಿದರು, "ನಮ್ಮ ಮಲ್ಲವ್ವನ ಕೈಯಾಗ ಕೊಡ್ರಿ. ಅಕಿ ಅಪ್ಪಂದು ಸ್ಟುಡಿಯೋ!" ಯಾರೋ ಕ್ಯಾಮೆರಾ ಕೊರಳಿಗೆ ಹಾಕಿದರು. ಒತ್ತಿದರೆ ಸಾಕು, ಸುಲಭದ್ದು. ಒಂದಿಡೀ ರೋಲು ತೆಗೆದೆ. ಎಲ್ಲರೂ ಥ್ಯಾಂಕ್ಸ್ ಎಂದರು. ಚಪ್ಪಲಿಗಳೇ ಎಷ್ಟು ಬಗೆಯವು!

ಅಣ್ಣನಿಗೆ ಇದರಲ್ಲೇ ಒಂದನ್ನು ಕಳಿಸಬಹುದು.

ಮಾರ್ಚ್ ೨೮, ಭಾನುವಾರ

ಪ್ರಿಂಟುಗಳು ಬಂದವು. ಮೂವತ್ತಾರರಲ್ಲಿ ಒಂದರಲ್ಲೂ ಯಾರಿಗೂ ತಲೆಯಿಲ್ಲ. ರೇಷ್ಮೆ ಸೀರೆ, ಜರಿ ಪಂಚೆ, ಕೈಯಲ್ಲಿ ಕಾಗದದ ತಟ್ಟೆ. ಎಲ್ಲ ಕುತ್ತಿಗೆಗೇ ಮುಗಿಯುತ್ತವೆ. ನಾನು ಹಾಗೆ ಮಾಡಬೇಕೆಂದು ಮಾಡಿದ್ದಲ್ಲ. ದೇವರಾಣೆ.

ಹಯಗ್ರೀವ ಸಾಹೇಬರು ಒಂದೊಂದಾಗಿ ತಿರುವಿ, ಸೋಫಾದ ಮೇಲೆ ಬಿದ್ದು ನಕ್ಕರು. "ನಮ್ಮ ಸಂಘದವರಿಗೆ ತಲೆ ಇಲ್ಲ ಅಂತ ನಾನು ಎಷ್ಟು ವರ್ಷದಿಂದ ಹೇಳ್ತಿದೀನಿ ಕಣೇ ವಸು. ಇವತ್ತು ಪ್ರೂಫ್ ಸಿಕ್ತು!"

"ಸುಮ್ಮನಿರ್ರೀ," ಎಂದರು ಅಕ್ಕ.

"ಅಲ್ಲ, ಇದು ಪ್ರೆಸಿಡೆಂಟ್ರ ಹೊಟ್ಟೆ. ನೋಡಿದ ಕೂಡಲೇ ಗೊತ್ತಾಗುತ್ತೆ. ಮುಖ ಯಾಕೆ ಬೇಕು?"

ನನಗೂ ನಗು ಬಂತು. ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡೆ. ಅಲ್ಲಿ ಹೋದ ಮೇಲೆ ಅದು ನಗುವಾಗಿ ಉಳಿಯಲಿಲ್ಲ. ಅಣ್ಣ ಹೇಳಿದ್ದು ಸರಿ. ಏಪ್ರಿಲ್ ಮುಗಿಯಲು ಒಂದು ತಿಂಗಳಿದೆ. ಕ್ಯಾಮೆರಾ ಹೋಟೆಲ್ಲಿಗೆ ಹೋಗುತ್ತದೆ. ಹೋಗಲಿ. ಆದರೆ ಆ ಕೂಸನ್ನು ಹಾಗೇ ಬಿಡಲಾಗುವುದಿಲ್ಲ.

ಮಾರ್ಚ್ ೩೧, ಬುಧವಾರ

ದಿಯಾಳನ್ನು ಎತ್ತಿಕೊಂಡು ಆಲ್ಮಾ ಅವರ ಮನೆಗೆ ಹೋದೆ. ಬರಬೇಡ ಎಂದಿದ್ದರೂ ಹೋದೆ. ಬಾಗಿಲು ತೆಗೆದರು. ನನಗೆ ಬರುವ ಎರಡು ಇಂಗ್ಲಿಷ್ ಮಾತು ಹೇಳಿದೆ. "ಐ ಕ್ಲೋಸ್." ಕಣ್ಣಿನ ಮೇಲೆ ಬೆರಳಾಡಿಸಿ ತೋರಿಸಿದೆ.

ಚೌಕಟ್ಟು ಅಡುಗೆಮನೆಯ ಮೇಜಿನ ಮೇಲೆ ಅವತ್ತು ಹಾಕಿದಲ್ಲೇ ಬೋರಲಾಗಿ ಬಿದ್ದಿತ್ತು. ಗುಲಾಬಿ ಒಣಗಿ ಅಂಟಿಕೊಂಡಿತ್ತು. ನಾಲ್ಕು ವಾರ ಅವರು ಅದೇ ಮೇಜಿನ ಇನ್ನೊಂದು ತುದಿಯಲ್ಲಿ ಕುಳಿತು ಉಂಡಿದ್ದಾರೆ. ಎತ್ತಲೂ ಇಲ್ಲ, ತಿರುಗಿಸಲೂ ಇಲ್ಲ. ನನ್ನ ಟ್ರಂಕಿನ ಹಾಗೆ.

ದಿಯಾಳನ್ನು ಪಕ್ಕದ ಕೋಣೆಯ ಮಂಚದ ಮೇಲೆ ದಿಂಬುಗಳ ನಡುವೆ ಮಲಗಿಸಿ ಬಂದೆ. ಚೌಕಟ್ಟು ಬಿಚ್ಚಿ ಪ್ರಿಂಟು ತೆಗೆದು, ಹತ್ತಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ ಹಿಂಡಿದೆ. ಬೆಳಕಿನ ಚುಕ್ಕೆ ಮೊದಲು ಹೋಯಿತು. ಆಮೇಲೆ ಕಪ್ಪು. ಒಂದು ರೆಪ್ಪೆ ಕಾಣಿಸುವಷ್ಟರಲ್ಲಿ ದಿಯಾ ಎದ್ದು ಅಳತೊಡಗಿದಳು. ನನ್ನ ಕೈ ಒದ್ದೆ, ಬಿಟ್ಟು ಏಳುವಂತಿರಲಿಲ್ಲ. ಆಲ್ಮಾ ಎದ್ದರು. ಗೋಡೆ ಹಿಡಿದುಕೊಂಡು ಆ ಕೋಣೆಗೆ ಹೋದರು. ಸ್ವಲ್ಪ ಹೊತ್ತಿಗೆ ಅಳು ನಿಂತಿತು.

ಅವರು ದಿಯಾಳನ್ನು ಎದೆಗೆ ಒತ್ತಿಕೊಂಡು ಬಂದು ನಿಂತಾಗ ಫೋಟೋದ ಕೂಸಿನ ಎರಡೂ ಕಣ್ಣು ಮುಚ್ಚಿದ್ದವು. ಲೀನಾಳ ಮುಖವನ್ನು ಆಲ್ಮಾ ತುಂಬ ಹೊತ್ತು ನೋಡಿದರು. ಏನೋ ಪಿಸುಗುಟ್ಟಿದರು. ಜರ್ಮನ್ ಇರಬೇಕು, ಹಾಡಿನ ಹಾಗೆ ಕೇಳಿಸಿತು.

ಕಾಫಿ ಕೊಟ್ಟರು. ಸಕ್ಕರೆ ಹಾಕಿರಲಿಲ್ಲ. ಕುಡಿದೆ.

ಏಪ್ರಿಲ್ ೧೧, ಭಾನುವಾರ

ಇವತ್ತು ಬೆಳಿಗ್ಗೆ ಆಲ್ಮಾ ಅವರೇ ಫೋನ್ ಮಾಡಿ ಕರೆಸಿದರು. ಒಟೀಲಿಯ ಕ್ಯಾಮೆರಾವನ್ನು ಅಂಗಳದಲ್ಲಿ ಮೂರುಕಾಲಿನ ಮೇಲೆ ನಿಲ್ಲಿಸಿದ್ದರು. ಅಕ್ಕನೂ ಬಂದರು.

"ನಿನ್ನ ಕೈಲೆ ಅವರ ಫೋಟೋ ತೆಗೀಬೇಕಂತ. ಎಂಬತ್ನಾಕು ವರ್ಷದೊಳಗ ಒಂದೂ ಚಲೋ ಫೋಟೋ ಇಲ್ಲಂತ. ಈಗನಽ ತೆಗಿ, ಸತ್ತ ಮ್ಯಾಲ ನಿನ್ನ ಬಣ್ಣಾ ಬ್ಯಾಡ ಅಂತಾರ."

ಅಕ್ಕ ನಕ್ಕರು. ಆಲ್ಮಾ ಅವರೂ ನಕ್ಕರು. ಅವರಿಗೆ ಮೇಲಿನ ಎರಡು ಹಲ್ಲಿಲ್ಲ.

ಗಾಜಿನ ನೆಗೆಟಿವ್ ಈಗ ಸಿಗುವುದಿಲ್ಲ. ಅದರ ಬದಲು ಪ್ರಿಂಟಿನ ಕಾಗದವನ್ನೇ ಕತ್ತರಿಸಿ ಹಾಕಿದೆವು. ಅದಕ್ಕೆ ಬೆಳಕು ಹೆಚ್ಚು ಹೊತ್ತು ಬೇಕು. ಎಂಟು ಸೆಕೆಂಡು ಎಂದು ಆಲ್ಮಾ ಬೆರಳು ತೋರಿಸಿದರು. ಬಿಸಿಲು ಬೆನ್ನಿಗೆ ಸುಡುತ್ತಿತ್ತು. ಅವರು ಒಳಗಿನಿಂದ ಒಂದು ಹಳೆಯ ಹುಲ್ಲಿನ ಟೊಪ್ಪಿಗೆ ತಂದು ನನ್ನ ತಲೆಗೆ ಹಾಕಿ, ಹೋಗಿ ಮೆಟ್ಟಿಲ ಮೇಲೆ ಕುಳಿತರು.

ಕಪ್ಪು ಬಟ್ಟೆಯೊಳಗೆ ತಲೆ ತೂರಿಸಿದೆ. ಮಸುಕು ಗಾಜಿನ ಮೇಲೆ ಆಲ್ಮಾ ತಲೆಕೆಳಗಾಗಿ ಕುಳಿತಿದ್ದರು. ತಲೆಕೆಳಗಾದ ಮುಖವನ್ನು ನೋಡುವುದು ಅಷ್ಟು ಕಷ್ಟವಲ್ಲ. ಮುಖ ಚೊಕ್ಕವಾಗುವ ತನಕ ತಿರುಗಣಿ ತಿರುಗಿಸಿದೆ. ಕಣ್ಣು ಬೂದು ಬಣ್ಣ. ಎಡಗಣ್ಣಿನ ಬೂದಿನಲ್ಲಿ ಎಳ್ಳಿನಷ್ಟು ಒಂದು ಕಂದು ಚುಕ್ಕೆ. ಅಂಥದ್ದನ್ನು ನಾನ್ಯಾವತ್ತೂ ಬರೆದಿಲ್ಲ. ಬರೆಯಬೇಕೆಂದು ಹೊಳೆಯುತ್ತಲೂ ಇರಲಿಲ್ಲ.

ಹೊರಗೆ ಬಂದು ಕಾಗದವಿದ್ದ ಪೆಟ್ಟಿಗೆಯನ್ನು ಕ್ಯಾಮೆರಾದ ಹಿಂಬದಿಗೆ ಹಾಕಿದೆ, ಲೆನ್ಸಿನ ಮುಚ್ಚಳ ತೆಗೆದೆ. ಒಂದು, ಎರಡು ಎಂದು ಕನ್ನಡದಲ್ಲಿ ಗಟ್ಟಿಯಾಗಿ ಎಣಿಸಿದೆ. ಅವರು ನನ್ನನ್ನೇ ನೋಡುತ್ತಿದ್ದರು. ನಾನೂ ಅವರನ್ನೇ. ಐದರ ಹತ್ತಿರ ಅವರ ಕಣ್ಣಲ್ಲಿ ನೀರು ಬಂತು, ಆದರೂ ರೆಪ್ಪೆ ಬಡಿಯಲಿಲ್ಲ. ಎಂಟಕ್ಕೆ ಮುಚ್ಚಿದೆ.

ಪ್ರಿಂಟಿನಲ್ಲಿ ಎಲ್ಲವೂ ಬಂದಿದೆ. ಕಂದು ಚುಕ್ಕೆಯೂ ಬಂದಿದೆ. ಕೆಳಗೆ, ಮೆಟ್ಟಿಲ ಹತ್ತಿರ, ಆಲ್ಮಾ ಅವರ ಬೂಟನ್ನು ಮುಟ್ಟಿಕೊಂಡು ದೊಡ್ಡ ಟೊಪ್ಪಿಗೆಯ ಒಂದು ನೆರಳು ಬಿದ್ದಿದೆ. ಒಂದು ಮೊಣಕೈ ಎತ್ತಿದೆ. ಆಲ್ಮಾ ಅದರ ಮೇಲೆ ಬೆರಳಿಟ್ಟರು. ಯಾರದು ಎಂದು ಕೇಳಲಿಲ್ಲ.

ಏಪ್ರಿಲ್ ೧೯, ಸೋಮವಾರ

ಇನ್ನೊಂದು ಪ್ರಿಂಟು ಮಾಡಿ ಶನಿವಾರವೇ ಅಣ್ಣನಿಗೆ ಪೋಸ್ಟ್ ಮಾಡಿಸಿದೆ. ಹಿಂದೆ ಹೆಸರು ಬರೆದೆ, ಆಲ್ಮಾ. ತಾರೀಖು ಬರೆದೆ. ಬದುಕಿರುವವರ ತಾರೀಖು ಬರೆದದ್ದು ಇದೇ ಮೊದಲು. ಅದು ಮುಟ್ಟಲು ಎಷ್ಟು ದಿನ ಬೇಕೋ ಎಂದು ಸಾಹೇಬರು ಅವನಿಗೆ ಫೋನ್ ಹಚ್ಚಿಕೊಟ್ಟರು. "ಬರೂತನಾ ಮಾರೂದಿಲ್ಲ, ಆಣಿ," ಎಂದ. ಫೋನ್ ಕೊಡುವಾಗ ಸಾಹೇಬರು ಕನ್ನಡಕ ತೆಗೆದು ಒರೆಸುತ್ತಿದ್ದರು. ಕನ್ನಡಕವಿಲ್ಲದೆ ಅವರ ಕಣ್ಣು ಚಿಕ್ಕವು, ಆಗಷ್ಟೇ ನಿದ್ದೆಯಿಂದ ಎದ್ದವರ ಹಾಗೆ. ಅಕ್ಕನವು ದಿಯಾಳಿಗೆ ಬಂದಿವೆ.

ಇವತ್ತು ಬೆಳಿಗ್ಗೆ ದಿಯಾ ಏಳುವ ಮೊದಲು ಟ್ರಂಕಿನಿಂದ ಕಂಬಳಿಗಳನ್ನು ತೆಗೆದೆ. ಟವೆಲು ಬಿಚ್ಚಿ ಫೋಟೋವನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಬಣ್ಣ ಹನ್ನೆರಡು ವರ್ಷದ್ದು, ಬೇಗ ಬಿಡಲಿಲ್ಲ. ನಾಲ್ಕು ಸಲ ಹತ್ತಿ ಅದ್ದಬೇಕಾಯಿತು. ಕೆಳಗಿನಿಂದ ಅವ್ವನ ರೆಪ್ಪೆಗಳು ಬಂದವು. ಬಲಗಡೆಯದರ ಮೇಲೆ ಒಂದು ಸಣ್ಣ ಮಚ್ಚೆ ಇತ್ತು. ಅದನ್ನು ಮರೆತೇಬಿಟ್ಟಿದ್ದೆ.

ಹತ್ತಿಯನ್ನು ಬಿಸಾಡಲು ಮನಸ್ಸಾಗಲಿಲ್ಲ. ಗದಗ, ರೋಣದ ಗೋಡೆಗಳ ಮೇಲೆ ಇನ್ನೂ ಎಷ್ಟೋ ಜನ ಎಚ್ಚರವಾಗಿದ್ದಾರೆ. ತೊಳೆದು, ಹಿಂಡಿ, ಕಿಟಕಿಯಲ್ಲಿ ಒಣಗಲು ಇಟ್ಟೆ.